ಗುಡುಗಿನ ಲೆಕ್ಕ, ಶೀಟಿನ ಸದ್ದು, ಜೋಗದ ಕಾಮನಬಿಲ್ಲು: ಅಲೆಗಳ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಶಿವಮೊಗ್ಗ ಜಿಲ್ಲೆ ಮತ್ತು ಅದರ ಅಕ್ಕಪಕ್ಕದ ಮಲೆನಾಡಿನವು. ವಿಷಯ ಶಬ್ದ, ಬೆಳಕು, ರೇಡಿಯೊ. ಎಲ್ಲಕ್ಕೂ ಬೇಕಾದ ಸೂತ್ರ ಒಂದೇ: ವೇಗ = ಆವೃತ್ತಿ × ತರಂಗದೂರ. ಸೆಕೆಂಡಿಗೆ ಎಷ್ಟು ಅಲೆ ಹಾದುಹೋಗುತ್ತವೆ ಎಂಬುದು ಆವೃತ್ತಿ, ಅದರ ಅಳತೆ ಹರ್ಟ್ಸ್. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ ತರಂಗದೂರ. ಓದುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ಅಲೆ ಎಷ್ಟು ಉದ್ದದ್ದು, ಅದಕ್ಕೆ ಎದುರಾದ ವಸ್ತು ಎಷ್ಟು ದೊಡ್ಡದು ಎಂದು ಮೊದಲು ಕೇಳಿಕೊಂಡರೆ ಮುಕ್ಕಾಲುಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಪ್ರಶ್ನೆ: ಮಿಂಚು ಕಂಡ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ, ಗುಡುಗು ಕೇಳುವಷ್ಟರಲ್ಲಿ ಎಷ್ಟಾಯಿತೋ ಅಷ್ಟು ಕಿಲೋಮೀಟರ್ ದೂರದಲ್ಲಿ ಸಿಡಿಲು ಬಿದ್ದಿದೆ ಎನ್ನುತ್ತಾರೆ. ಸರಿಯೇ? ಕೆಲವು ಮಿಂಚಿಗೆ ಗುಡುಗೇ ಇರುವುದಿಲ್ಲವಲ್ಲ?
— ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ಎಣಿಕೆ ಸರಿ, ಕೊನೆಯಲ್ಲೊಂದು ಭಾಗಾಕಾರ ಬಿಟ್ಟುಹೋಗಿದೆ. ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 331 ಮೀಟರ್ ಹೋಗುತ್ತದೆ. ಒಂದೊಂದು ಡಿಗ್ರಿ ಏರಿದಂತೆ 0.6 ಮೀಟರ್ ಕೂಡುತ್ತದೆ. 24 ಡಿಗ್ರಿ ಇರುವ ಸಂಜೆಗೆ ಅದು ಸುಮಾರು 345 ಮೀಟರ್. ಗಾಳಿಯಲ್ಲಿ ತೇವ ತುಂಬಿದ್ದರೆ ಒಂದೂವರೆ ಮೀಟರಿನಷ್ಟು ಇನ್ನೂ ಹೆಚ್ಚೀತು, ಏಕೆಂದರೆ ನೀರಾವಿ ಒಣಗಾಳಿಗಿಂತ ಹಗುರ. ಈ ಲೆಕ್ಕಕ್ಕೆ ಅದನ್ನು ಬಿಟ್ಟುಬಿಡಬಹುದು. ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಮೂರು ಮೈಕ್ರೊಸೆಕೆಂಡ್ ಚಿಲ್ಲರೆ ಸಾಕು, ಹಾಗಾಗಿ ಮಿಂಚು ಕಂಡ ಕ್ಷಣವೇ ಸಿಡಿಲು ಹೊಡೆದ ಕ್ಷಣ.

ಅಂದರೆ ಹತ್ತು ಎಣಿಸಿ ‘ಹತ್ತು ಕಿಲೋಮೀಟರ್ ಆಚೆ’ ಎಂದು ನಿರಾಳವಾಗಿ ಕೂತರೆ, ಸಿಡಿಲು ನಿಜಕ್ಕೂ ಬಿದ್ದಿರುವುದು ಮೂರೂವರೆ ಕಿಲೋಮೀಟರ್‌ನಲ್ಲಿ. ಮುಂದಿನದು ನಿಮ್ಮ ತೋಟಕ್ಕೇ ಬೀಳಬಹುದಾದ ದೂರ ಅದು. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಮನೆಯೊಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗಬೇಡಿ. ಹಿಂಗಾರಿನ ಗುಡುಗಿನಲ್ಲಿ ಅಡಿಕೆ ಗೊನೆಯ ಕೊಯ್ಲು ನಡೆಸುವವರಿಗೆ ಇನ್ನೊಂದು ಮಾತು. ಕಾರ್ಬನ್ ಫೈಬರ್ ದೋಟಿ (ಕೊಯ್ಲಿನ ಉದ್ದ ಕೋಲು) ಹಗುರವಾಗಿರುವುದರಿಂದ ಬಿದಿರಿನಂತೆ ನಿರಪಾಯ ಎಂಬ ಭಾವನೆ ಹಲವರಲ್ಲಿದೆ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಕರೆಂಟ್ ತಂತಿಯ ಹತ್ತಿರವಾಗಲಿ, ಗುಡುಗಿನಲ್ಲಾಗಲಿ ಅದನ್ನು ಎತ್ತಿ ಹಿಡಿಯಬಾರದು. ಬಿದಿರಿನದಾದರೂ ಮಳೆಯಲ್ಲಿ ನೆನೆದ ಮೇಲೆ ನಂಬುವಂತಿಲ್ಲ.

ಗುಡುಗಿಲ್ಲದ ಮಿಂಚು ಎಂಬುದಿಲ್ಲ, ನಮಗೆ ತಲುಪದ ಗುಡುಗು ಇದೆ. ನೆಲದ ಹತ್ತಿರ ಗಾಳಿ ಬೆಚ್ಚಗೆ, ಮೇಲೆ ತಣ್ಣಗೆ ಇದ್ದಾಗ ಶಬ್ದ ಮೇಲ್ಮುಖವಾಗಿ ಬಾಗುತ್ತದೆ. ಹದಿನೈದು, ಇಪ್ಪತ್ತು ಕಿಲೋಮೀಟರ್ ಆಚೆಯ ಗುಡುಗು ನಮ್ಮ ತಲೆಯ ಮೇಲಿಂದಲೇ ಹೋಗಿಬಿಡುತ್ತದೆ. ಗುಡುಗು ಉರುಳುವುದಕ್ಕೂ ಕಾರಣ ದೂರವೇ. ಮಿಂಚಿನ ಗೆರೆ ಹಲವು ಕಿಲೋಮೀಟರ್ ಉದ್ದ. ಅದರ ಬುಡದ ಸದ್ದು ಮೊದಲು, ತುದಿಯ ಸದ್ದು ಹತ್ತಾರು ಸೆಕೆಂಡ್ ತಡವಾಗಿ ಬರುತ್ತದೆ, ಗುಡ್ಡಗಳಿಗೆ ತಾಗಿದ ಪ್ರತಿಧ್ವನಿ ಅದಕ್ಕೆ ಸೇರಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಹೆಂಚು ಇಳಿಸಿ ಬಣ್ಣದ ಶೀಟ್ ಹಾಕಿಸಿದೆವು. ಜುಲೈ ಮಳೆಯಲ್ಲಿ ಎದುರು ಕೂತವರ ಮಾತು ಕೇಳುವುದಿಲ್ಲ. ಒಳಗಡೆ ಥರ್ಮಾಕೋಲ್ ಹೊಡೆಸಿದರೆ ಸರಿಹೋಗುತ್ತದೆ ಎನ್ನುತ್ತಾರೆ, ಹೌದೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಥರ್ಮಾಕೋಲ್ ಸೆಖೆಗೆ ಮದ್ದು, ಸದ್ದಿಗಲ್ಲ. ಸದ್ದಿಗೆಂದೇ ಹೊಡೆಸುವುದಾದರೆ ದುಡ್ಡು ಹಾಕಬೇಡಿ.

ದೊಡ್ಡ ಮಳೆಹನಿ ಐದು ಮಿಲಿಮೀಟರ್ ದಪ್ಪ, ಬೀಳುವ ವೇಗ ಸೆಕೆಂಡಿಗೆ ಒಂಬತ್ತು ಮೀಟರ್ ಆಸುಪಾಸು. ಅದು ಅರ್ಧ ಮಿಲಿಮೀಟರ್ ತಗಡಿಗೆ ಬಡಿದಾಗ ತಗಡು ಬಾಗಿ ಕಂಪಿಸುತ್ತದೆ. ಕಂಪನ ಅಲೆಯಾಗಿ ಶೀಟಿನುದ್ದಕ್ಕೂ ಹರಡಿ ಇಡೀ ಶೀಟೇ ಧ್ವನಿವರ್ಧಕವಾಗುತ್ತದೆ. ಆ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕು ಕಿಲೋ ತೂಗುತ್ತದೆ, ಮಂಗಳೂರು ಹೆಂಚಿನ ಮಾಡು ಮೂವತ್ತು ಕಿಲೋ ದಾಟುತ್ತದೆ. ತೂಕ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ ಎಂಬುದು ಸ್ಥೂಲ ನಿಯಮ. 10 ಡೆಸಿಬೆಲ್ ತಗ್ಗಿದರೆ ಕಿವಿಗೆ ಅರ್ಧಕ್ಕಿಳಿದಂತೆ ಅನ್ನಿಸುತ್ತದೆ. ಎರಡು ಇಂಚು ದಪ್ಪದ ಥರ್ಮಾಕೋಲ್ ಚದರ ಮೀಟರಿಗೆ ಒಂದು ಕಿಲೋ ಕೂಡ ಇಲ್ಲ. ಜೊತೆಗೆ ಅದರ ಗುಳ್ಳೆಗಳೆಲ್ಲ ಮುಚ್ಚಿದವು, ಶಬ್ದದ ಅಲೆ ಒಳಹೊಕ್ಕು ಸುಸ್ತಾಗಲು ದಾರಿಯೇ ಇಲ್ಲ.

ಮಾಡಬೇಕಾದ್ದು ಮೂರು ಹಂತದಲ್ಲಿದೆ, ಖರ್ಚು ಕಡಿಮೆಯಿರುವುದರಿಂದ ಶುರುಮಾಡಿ. ಮೊದಲು ಸ್ಕ್ರೂಗಳನ್ನು ನೋಡಿ. ರಬ್ಬರ್ ವಾಷರ್ ಒಣಗಿ ಸೀಳಿದ್ದರೆ ಶೀಟು ತನ್ನನ್ನು ಹೊತ್ತ ಅಡ್ಡಪಟ್ಟಿಗೆ, ಅಂದರೆ ಪರ್ಲಿನ್‌ಗೆ ಬಡಿದು ಗಲಗಲ ಎನ್ನುತ್ತದೆ, ನೀರೂ ಸೋರುತ್ತದೆ. ವಾಷರ್ ಬದಲಿಸಿ, ಶೀಟಿಗೂ ಪರ್ಲಿನ್‌ಗೂ ನಡುವೆ ರಬ್ಬರ್ ಪಟ್ಟಿ ಕೊಡಿಸಿ. ಎರಡನೆಯದು ಶೀಟಿನ ಕಂಪನವನ್ನೇ ಕೊಲ್ಲುವುದು. ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ ಬ್ಯುಟೈಲ್ ರಬ್ಬರಿನ ಅಂಟುಹಾಳೆಯನ್ನು ಶೀಟಿನ ಅಡಿಭಾಗದ ಸಪಾಟು ಜಾಗಕ್ಕೆ ಒತ್ತಿ ಅಂಟಿಸಬೇಕು. ಪೂರ್ತಿ ಮುಚ್ಚಬೇಕಿಲ್ಲ, ಸಪಾಟು ಭಾಗದ ಅರ್ಧದಷ್ಟಾದರೂ ಇರಲಿ. ಈ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲೇ ಆಗಬೇಕು. ತೇವ ಇರುವ ತಗಡಿಗೆ ಅಂಟು ಹಿಡಿಯುವುದಿಲ್ಲ. ಅಗ್ಗದ ಡಾಂಬರು ಹಾಳೆ ತಂದರೆ ಏಪ್ರಿಲ್ ಬಿಸಿಲಿಗೆ ಕರಗಿ ತೊಟ್ಟಿಕ್ಕುತ್ತದೆ.

ಮೂರನೆಯದು ಒಳಮಾಡು, ಅಂದರೆ ಫಾಲ್ಸ್ ಸೀಲಿಂಗ್. ಶೀಟಿನಿಂದ ನಾಲ್ಕರಿಂದ ಆರು ಇಂಚು ಕೆಳಗೆ ಬೋರ್ಡು, ಅದರ ಮೇಲೆ ಎರಡು ಇಂಚಿನ ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ). ತೂಕದ ಬೋರ್ಡು ಸದ್ದನ್ನು ತಡೆಯುತ್ತದೆ, ಎಳೆಎಳೆಯ ಉಣ್ಣೆ ನಡುವಿನ ಗಾಳಿಯಲ್ಲಿ ಸದ್ದನ್ನು ಹೀರುತ್ತದೆ. ನಮ್ಮ ಥಂಡಿಗೆ ಮಾಮೂಲಿ ಜಿಪ್ಸಂ ಉಬ್ಬುತ್ತದೆ, ಸಿಮೆಂಟ್ ಫೈಬರ್ ಬೋರ್ಡು ಹಾಕಿಸಿ. ಅಂಚಿನ ಸಂದು ತುಂಬದೆ ಬಿಟ್ಟರೆ ಖರ್ಚು ಮಾಡಿದ್ದರ ಅರ್ಧ ಫಲ ಆ ಸಂದಿನಲ್ಲೇ ಸೋರಿಹೋಗುತ್ತದೆ. ಶೀಟಿಗೆ ತಾಗಿಸಿ ಉಣ್ಣೆ ತುರುಕಬೇಡಿ: ಬೆಳಗಿನ ಜಾವ ತಗಡಿನ ಒಳಮೈ ಬೆವರುತ್ತದೆ, ಉಣ್ಣೆ ನೆನೆದರೆ ಕೆಲಸಕ್ಕೆ ಬಾರದು. ಗಾಳಿಯಾಡುವ ಕಿಂಡಿಗಳಿಗೆ ಜಾಲರಿ ಹಾಕಿಸದಿದ್ದರೆ ಇಲಿಗಳಿಗೆ ಬೆಚ್ಚನೆಯ ಮನೆಯಾಗುತ್ತದೆ.

ಶೀಟಿನ ಮೇಲೆ ಅಡಿಕೆ ಸೋಗೆ ಹರಡುವ ಹಳೆಯ ಉಪಾಯವೂ ಕೆಲಸ ಮಾಡುತ್ತದೆ. ಹನಿ ತಗಡಿಗೆ ಬಡಿಯುವ ಮೊದಲೇ ಒಡೆಯುತ್ತದೆ. ಕೊಟ್ಟಿಗೆಗೆ ಸಾಕು. ವಾಸದ ಮನೆಗೆ ಬೇಡ. ಕೊಳೆತ ಸೋಗೆಯಡಿ ಬಣ್ಣ ಏಳುತ್ತದೆ, ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಗುಡ್ಡದ ಆಚೆಯ ಊರಲ್ಲಿ ಯಕ್ಷಗಾನದ ಆಟ ಇದ್ದರೆ ರಾತ್ರಿ ಎರಡು ಗಂಟೆಗೆ ಚಂಡೆ ನಮ್ಮಂಗಳದಲ್ಲೇ ಬಾರಿಸಿದಂತೆ ಕೇಳುತ್ತದೆ. ಭಾಗವತರ ಪದ ಮಾತ್ರ ತಿಳಿಯದು. ಅದೇ ಊರಿನಲ್ಲಿ ಹಗಲು ಮೈಕ್ ಹಾಕಿದರೂ ಕೇಳುವುದಿಲ್ಲ. ರಾತ್ರಿ ಬೇರೆ ಗಲಾಟೆ ಇರದಿರುವುದೊಂದೇ ಕಾರಣವೇ?
— ಯಕ್ಷಗಾನಾಸಕ್ತರು, ಸಾಗರ ತಾಲ್ಲೂಕು

ಉತ್ತರ: ಗಲಾಟೆ ಇರದಿರುವುದು ಒಂದು ಕಾರಣ, ದೊಡ್ಡ ಕಾರಣವಲ್ಲ. ಕೆಲಸ ಮಾಡುವುದು ಗಾಳಿಯ ಉಷ್ಣಾಂಶ.

ಮೋಡವಿಲ್ಲದ ಚಳಿರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ತಣ್ಣನೆಯ ಗಾಳಿ ಭಾರವಾಗಿ ಗುಡ್ಡದಿಂದಿಳಿದು ಗದ್ದೆಬಯಲಿನಲ್ಲಿ ಮಡುಗಟ್ಟುತ್ತದೆ. ಗದ್ದೆಯಂಚಿನಲ್ಲಿ 14 ಡಿಗ್ರಿ, ಐವತ್ತು ಮೀಟರ್ ಮೇಲೆ 18 ಡಿಗ್ರಿ ಎಂದಿಟ್ಟುಕೊಳ್ಳಿ. ಕೆಳಗೆ ಶಬ್ದದ ವೇಗ ಸೆಕೆಂಡಿಗೆ 339.4 ಮೀಟರ್, ಮೇಲೆ 341.8. ಅಲೆಯ ಮೇಲ್ತುದಿ ಮುಂದೆ ಹೋಗುತ್ತದೆ, ಕೆಳತುದಿ ಹಿಂದುಳಿಯುತ್ತದೆ, ಅಲೆ ನೆಲದ ಕಡೆಗೆ ವಾಲುತ್ತದೆ. ಎರಡೂ ಚಿಲ್ಲರೆ ಮೀಟರಿನ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿದರೆ ಒಂದು ಕಿಲೋಮೀಟರ್ ದಾರಿಯಲ್ಲಿ ಶಬ್ದ ನಡುವಿನಲ್ಲಿ ಸುಮಾರು 18 ಮೀಟರ್ ಎತ್ತರ ಎದ್ದು ಮತ್ತೆ ನೆಲಕ್ಕಿಳಿಯುವ ಕಮಾನು ಹಿಡಿಯುತ್ತದೆ. ಒಳ್ಳೆಯ ಅಡಿಕೆ ಮರದ ಎತ್ತರ ಅದು. ತೋಟದ ಎಲೆ, ಮನೆ, ಏರಿ ಯಾವುದಕ್ಕೂ ತಾಗದೆ ಮೇಲಿಂದ ಬಂದು ನಿಮ್ಮಂಗಳಕ್ಕಿಳಿಯುತ್ತದೆ.

ಹಗಲು ಇದೆಲ್ಲ ತಲೆಕೆಳಗು. ನೆಲ ಕಾದಿರುತ್ತದೆ, ಶಬ್ದ ಆಕಾಶಕ್ಕೆ ಬಾಗುತ್ತದೆ, ಕೆಲವು ನೂರು ಮೀಟರ್ ಆಚೆ ಶಬ್ದದ ನೆರಳು ಬೀಳುತ್ತದೆ. ಎದುರುಗಾಳಿ ಇದ್ದರೂ ಹಾಗೆಯೇ. ಮೈಕಿನ ಸದ್ದು ಏರಿಸಿದರೆ ಹತ್ತಿರದವರ ಕಿವಿ ಹೋಗುತ್ತದೆಯೇ ಹೊರತು ನೆರಳಿನಲ್ಲಿರುವವರಿಗೆ ಅಷ್ಟಾಗಿ ಸಿಗುವುದಿಲ್ಲ.

ಇನ್ನು ಪದ ತಿಳಿಯದಿರುವ ಬಗ್ಗೆ. ದೂರ ಇಮ್ಮಡಿಯಾದಾಗಲೆಲ್ಲ ಎಲ್ಲ ಸ್ವರವೂ ಸಮಾನವಾಗಿ 6 ಡೆಸಿಬೆಲ್ ಇಳಿಯುತ್ತದೆ. ಅದರ ಮೇಲೆ ಗಾಳಿ ತನ್ನ ಪಾಲು ಹೀರುತ್ತದೆ, ಅದು ಸಮಾನವಲ್ಲ. 20 ಡಿಗ್ರಿ, ಶೇಕಡಾ 70 ತೇವಾಂಶದ ಗಾಳಿಯಲ್ಲಿ ಒಂದು ಕಿಲೋಮೀಟರಿಗೆ 250 ಹರ್ಟ್ಸ್ ಸ್ವರ ಕಳೆದುಕೊಳ್ಳುವುದು ಒಂದು ಡೆಸಿಬೆಲ್, 1000 ಹರ್ಟ್ಸ್ ಐದು, 4000 ಹರ್ಟ್ಸ್ ಇಪ್ಪತ್ತಮೂರು. ಮಾತಿನ ಅರ್ಥ ನಿಂತಿರುವುದು ಹೆಚ್ಚಾಗಿ ತ, ಚ, ಸ, ಶ ಇಂಥ ವ್ಯಂಜನಗಳ ಮೇಲೆ, ಅವುಗಳ ಸದ್ದು 2000 ಹರ್ಟ್ಸ್‌ನಿಂದ ಮೇಲೆಯೇ ಹೆಚ್ಚು. ಗುಡ್ಡದ ನೆತ್ತಿ ಬಳಸಿ ಬಾಗುವ ವಿಷಯದಲ್ಲೂ ಸಣ್ಣ ಅಲೆ ಸೋಲುತ್ತದೆ: 250 ಹರ್ಟ್ಸ್ ಅಲೆ ಸುಮಾರು ಒಂದೂಕಾಲು, ಒಂದೂವರೆ ಮೀಟರ್ ಉದ್ದ, 4000 ಹರ್ಟ್ಸ್ ಅಲೆ ಎಂಟೂವರೆ ಸೆಂಟಿಮೀಟರ್. ಹಾಗಾಗಿ ಭಾಗವತರ ಆಲಾಪ ಬರುತ್ತದೆ, ಅಕ್ಷರ ಬರುವುದಿಲ್ಲ. ಚಂಡೆಗೆ ಅಕ್ಷರದ ಹಂಗಿಲ್ಲ. ಪೆಟ್ಟು ಜೋರು, ಒಮ್ಮೆಲೇ ಏಳುವಂಥದ್ದು. ಮೇಲಿನ ಆವೃತ್ತಿಗಳು ಉದುರಿಹೋದರೂ ಲಯ ಕಿವಿಗೆ ಸಿಕ್ಕೇ ಸಿಗುತ್ತದೆ.

ಮಂಜು ಶಬ್ದವನ್ನು ಹೊತ್ತು ತರುತ್ತದೆ ಎಂಬ ಮಾತು ಸರಿಯಲ್ಲ. ಮಂಜು ಕಟ್ಟುವ ರಾತ್ರಿ ಕೆಳಗೆ ತಂಪು, ಮೇಲೆ ಬೆಚ್ಚಗೆ ಇರುತ್ತದೆ, ಹೊತ್ತು ತರುವುದು ಆ ಪದರ.

ಪ್ರಶ್ನೆ: ತಾಳಗುಪ್ಪ ರೈಲು ಗೇಟ್ ದಾಟುವಾಗ ಹಾರನ್ ಸ್ವರ ಒಮ್ಮೆಲೇ ಇಳಿಯುತ್ತದೆ. ಎಷ್ಟು ಇಳಿಯುತ್ತದೆ?
— ಸಂಗೀತ ವಿದ್ಯಾರ್ಥಿನಿ, ಆನಂದಪುರ

ಉತ್ತರ: ಹಾರನ್ 400 ಹರ್ಟ್ಸ್, ರೈಲಿನ ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್, 25 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ 346 ಮೀಟರ್ ಎಂದು ಹಿಡಿಯೋಣ. ಬರುವಾಗ ರೈಲು ತನ್ನದೇ ಅಲೆಗಳ ಬೆನ್ನಟ್ಟುವುದರಿಂದ ಅವು ಒತ್ತೊತ್ತಾಗುತ್ತವೆ: 400 × 346 ÷ 326, ಸುಮಾರು 424 ಹರ್ಟ್ಸ್. ಹೋಗುವಾಗ 400 × 346 ÷ 366, ಅಂದರೆ 378. ಎರಡರ ಅನುಪಾತ 1.12. ನಿಮ್ಮ ಭಾಷೆಯಲ್ಲಿ ಚತುಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿದಷ್ಟು. ಹಳಿಯಿಂದ ದೂರ ನಿಂತಷ್ಟೂ ಇಳಿಕೆ ಜಾರುತ್ತಾ ಆಗುತ್ತದೆ, ಗೇಟಿನ ಬಳಿ ನಿಂತರೆ ಥಟ್ಟನೆ.

ಪ್ರಶ್ನೆ: ಪ್ರಯೋಗಾಲಯದ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇಲ್ಲದೆ ಮನೆಯಲ್ಲೇ ಶಬ್ದದ ವೇಗ ಅಳೆಯಬಹುದೇ? ಬಕೆಟ್ಟಿನಲ್ಲಿ ಪೈಪ್ ಅದ್ದಿ 512 ಹರ್ಟ್ಸ್‌ಗೆ ನೋಡಿದೆ, ಒಂದೇ ಕಡೆ ಅನುರಣನೆ (ಸದ್ದು ಉಬ್ಬುವುದು) ಸಿಗುತ್ತದೆ, ಎರಡನೆಯದು ಸಿಗುವುದೇ ಇಲ್ಲ.
— ಪಿಯುಸಿ ವಿದ್ಯಾರ್ಥಿ, ಭದ್ರಾವತಿ

ಉತ್ತರ: ನಿಮ್ಮ ಬಕೆಟ್ ಆಳ ಸಾಲದು. 512 ಹರ್ಟ್ಸ್‌ಗೆ ಮೊದಲ ಅನುರಣನೆ ನೀರಿನ ಮೇಲೆ ಪೈಪಿನೊಳಗಿರುವ 16 ಸೆಂಟಿಮೀಟರ್ ಗಾಳಿಕಂಬದಲ್ಲಿ, ಎರಡನೆಯದು 50ರಲ್ಲಿ. ಒಂದೇ ಪೈಪಿನಲ್ಲಿ ಎರಡನ್ನೂ ಹಿಡಿಯಲು ಎರಡು ಅಡಿಯಷ್ಟು ಆಳದ ನೀರು ಬೇಕು. ಆವೃತ್ತಿಯನ್ನು 1000 ಹರ್ಟ್ಸ್‌ಗೆ ಏರಿಸಿ, ಅಲೆ ಗಿಡ್ಡವಾಗುತ್ತದೆ, ಮನೆಯ ಬಕೆಟ್ಟೇ ಸಾಕಾಗುತ್ತದೆ.

ಒಂದು ಇಂಚಿನ ಪಿವಿಸಿ ಪೈಪನ್ನು 32 ಸೆಂಟಿಮೀಟರಿಗೆ ನೇರವಾಗಿ ಕತ್ತರಿಸಿ, ತುದಿಯ ಸಿಬಿರು ಉಜ್ಜಿ ತೆಗೆಯಿರಿ. ಒಂದು ಅಡಿ ಆಳದ ಬಕೆಟ್ಟಿಗೆ ಕಂಠಪೂರ್ತಿ ನೀರು ತುಂಬಿ. ಮೊಬೈಲಿನಲ್ಲಿ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಸೈನ್ ಅಲೆ ಆರಿಸಿ, 1000 ಹರ್ಟ್ಸ್ ಇಡಿ. ವಾಲ್ಯೂಮ್ ಅರ್ಧಕ್ಕಿಂತ ಹೆಚ್ಚು ಬೇಡ, ಸಣ್ಣ ಸ್ಪೀಕರ್ ಒದರಿದರೆ ಬೇರೆ ಆವೃತ್ತಿಗಳು ಬೆರೆತು ದಾರಿ ತಪ್ಪಿಸುತ್ತವೆ. ಸ್ಪೀಕರನ್ನು ಪೈಪಿನ ಬಾಯಿಂದ ಎರಡು ಸೆಂಟಿಮೀಟರ್ ಮೇಲೆ ಇನ್ನೊಬ್ಬರು ಹಿಡಿದಿರಲಿ, ಪೈಪ್ ಏರಿದಂತೆ ಅದೂ ಏರಲಿ. ಬಾಯಿ ಮುಚ್ಚುವಷ್ಟು ಹತ್ತಿರ ತಂದರೆ ಅಳತೆ ಕೆಡುತ್ತದೆ. ಪೈಪನ್ನು ತಳ ಮುಟ್ಟುವಷ್ಟು ಮುಳುಗಿಸಿ ನಿಧಾನಕ್ಕೆ ಎತ್ತುತ್ತಾ ಹೋದರೆ ಸದ್ದು ಉಬ್ಬಿ ಇಳಿಯುತ್ತದೆ. ಉಬ್ಬಿದ ಜಾಗವನ್ನು ಏರುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಗುರುತಿಸಿ ಸರಾಸರಿ ತೆಗೆಯಿರಿ. ಒದ್ದೆ ಪೈಪಿನ ಮೇಲೆ ಮಾರ್ಕರ್ ಬರೆಯದು, ಇನ್ಸುಲೇಷನ್ ಟೇಪಿನ ತುಂಡು ಸುತ್ತಿ.

ಗಾಳಿ 25 ಡಿಗ್ರಿ ಇದ್ದರೆ ಉಬ್ಬು ಸಿಗುವುದು 7.8 ಮತ್ತು 25.1 ಸೆಂಟಿಮೀಟರ್ ಹತ್ತಿರ. ಎರಡರ ಅಂತರ ಅರ್ಧ ತರಂಗದೂರ. ಆದ್ದರಿಂದ ವೇಗ = 2 × 1000 × 0.173 = 346 ಮೀಟರ್. ಮೊದಲನೆಯದೊಂದನ್ನೇ ನಾಲ್ಕರಿಂದ ಗುಣಿಸಿದರೆ 312 ಬರುತ್ತದೆ, ತಪ್ಪು. ಅಲೆ ಪೈಪಿನ ಬಾಯಲ್ಲೇ ನಿಲ್ಲದೆ ಒಳವ್ಯಾಸದ 0.3ರಷ್ಟು ಹೊರಚಾಚಿರುತ್ತದೆ, 2.8 ಸೆಂಟಿಮೀಟರ್ ಒಳವ್ಯಾಸಕ್ಕೆ ಅದು 8 ಮಿಲಿಮೀಟರ್ ಚಿಲ್ಲರೆ. ಎರಡು ಅಳತೆ ಕಳೆದಾಗ ಅದು ತಾನಾಗಿ ಹೊರಟುಹೋಗುತ್ತದೆ, ಎರಡನೆಯ ಅನುರಣನೆ ಬೇಕಾಗಿರುವುದು ಅದಕ್ಕೇ. ಒಂದೊಂದು ಗುರುತಿನಲ್ಲೂ ಎರಡು ಮಿಲಿಮೀಟರ್ ತಪ್ಪಿದರೆ ಉತ್ತರ ಎಂಟು ಮೀಟರ್ ಆಚೀಚೆ ಆಗಬಹುದು. ನಿಮ್ಮ ಅಳತೆಗೆ 340 ಬಂದಿದ್ದರೆ, ರೆಕಾರ್ಡ್ ಪುಸ್ತಕದಲ್ಲಿ ಅದನ್ನು 346 ಎಂದು ತಿದ್ದಿ ಬರೆಯುವುದಕ್ಕಿಂತ 340 ± 8 ಎಂದು ಪ್ರಾಮಾಣಿಕವಾಗಿ ಬರೆದರೆ ಹೆಚ್ಚು ಮರ್ಯಾದೆ.

ಪ್ರಶ್ನೆ: ಜೋಗಕ್ಕೆ ಹೋದಾಗ ಕೆಲವೊಮ್ಮೆ ಕಾಮನಬಿಲ್ಲು ಕಾಣುತ್ತದೆ, ಕೆಲವೊಮ್ಮೆ ಎಷ್ಟು ಕಾದರೂ ಇಲ್ಲ. ಯಾವಾಗ, ಎಲ್ಲಿ ನೋಡಬೇಕು?
— ಶಿಕ್ಷಕರು, ಸೊರಬ

ಉತ್ತರ: ಬಿಸಿಲು ಬೆನ್ನಿಗೆ, ತುಂತುರು ಕಣ್ಣೆದುರಿಗೆ. ಇದಿಲ್ಲದಿದ್ದರೆ ಕಾಯುವುದು ವ್ಯರ್ಥ.

ನಿಮ್ಮ ತಲೆಯ ನೆರಳು ಬೀಳುವ ದಿಕ್ಕೇ ಬಿಲ್ಲಿನ ಕೇಂದ್ರ. ಅಲ್ಲಿಂದ 42 ಡಿಗ್ರಿ ಆಚೆ ಕೆಂಪು, 40ರ ಹತ್ತಿರ ನೇರಳೆ. ಅಳೆಯುವುದು ಸುಲಭ: ಕೈ ಪೂರ್ತಿ ಚಾಚಿ ಬೆರಳಗಲಿಸಿದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಸುಮಾರು 20 ಡಿಗ್ರಿ, ನೆರಳಿನಿಂದ ಎರಡು ಗೇಣು ಆಚೆ ನೋಡಿ. ಆ ಜಾಗದಲ್ಲಿ ತುಂತುರೂ ಇರಬೇಕು, ತುಂತುರಿನ ಮೇಲೆ ಬಿಸಿಲೂ ಬೀಳಬೇಕು. ಬಯಲಿನಲ್ಲಾದರೆ ಸೂರ್ಯ 42 ಡಿಗ್ರಿಗಿಂತ ಮೇಲೇರಿದ ಮೇಲೆ ಬಿಲ್ಲು ದಿಗಂತದ ಕೆಳಗೆ ಇಳಿದುಹೋಗುತ್ತದೆ. ಜೋಗದಲ್ಲಿ ಹಾಗಲ್ಲ. 253 ಮೀಟರ್ ಆಳದ ಕಮರಿಯಂಚಿನಲ್ಲಿ ನಿಂತಿರುವುದರಿಂದ ಹನಿಗಳು ನಮ್ಮ ಕಾಲಿಗಿಂತ ಕೆಳಗೂ ಇರುತ್ತವೆ, ಹೊತ್ತೇರಿದ ಮೇಲೂ ಕೆಳಗಿಣುಕಿದರೆ ಬಿಲ್ಲು ಸಿಗಬಹುದು, ಅರ್ಧಚಂದ್ರಕ್ಕಿಂತ ದೊಡ್ಡದಾಗಿಯೂ ಕಾಣಬಹುದು. ಆಗಸ್ಟಿನಲ್ಲಿ ನೀರು ಭರ್ತಿ ಇರುತ್ತದೆ, ಬಿಸಿಲಿರುವುದಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು ಧಾರಾಳ, ನೀರಿಲ್ಲ. ಮಳೆ ಹಿಮ್ಮೆಟ್ಟುವ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಕೂಡುವ ಕಾಲ.

ಕೆಂಪಿಗೆ ನೀರಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.331, ನೇರಳೆಗೆ 1.343. ಬಣ್ಣ ಬಿಡಿಸಲು ಅಷ್ಟೇ ವ್ಯತ್ಯಾಸ ಸಾಕು. ಹನಿ ದಪ್ಪಗಿದ್ದರೆ ಬಣ್ಣ ಕಡು. ತೀರಾ ಸಣ್ಣದಾದರೆ ಬೆಳಕು ಹನಿಯೊಳಗೆ ಗೆರೆಯಂತೆ ಹೋಗದೆ ಅಲೆಯಂತೆ ಹರಡಿ, ಬಣ್ಣಗಳು ಒಂದರ ಮೇಲೊಂದು ಬಿದ್ದು, ಬಿಲ್ಲು ಬೆಳ್ಳಗಾಗುತ್ತದೆ. ಮಂಜಿನ ಬಿಲ್ಲು ಬಿಳಿಯಿರುವುದು ಹೀಗೆ. ಅದೃಷ್ಟವಿದ್ದರೆ 51 ಡಿಗ್ರಿ ಹತ್ತಿರ ಎರಡನೆಯ ಬಿಲ್ಲು ಕಾಣುತ್ತದೆ, ಅದರಲ್ಲಿ ಕೆಂಪು ಒಳಗೆ. ಎರಡರ ನಡುವಿನ ಆಕಾಶ ಸ್ವಲ್ಪ ಕಪ್ಪಗಿರುವುದನ್ನು ಮಕ್ಕಳಿಗೆ ತೋರಿಸಿ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಹೋದವರು ಅದನ್ನು ತೆಗೆದು ನೋಡಬೇಕು. ಬಿಲ್ಲಿನ ಬೆಳಕು ಹೆಚ್ಚುಕಡಿಮೆ ಪೂರ್ತಿ ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು, ಕನ್ನಡಕ ಅದರ ಒಂದು ಭಾಗವನ್ನೇ ನುಂಗಿಬಿಡುತ್ತದೆ.

ಪ್ರಶ್ನೆ: ಆಗುಂಬೆ, ಬಾಳೆಬರೆ ಘಾಟಿಯ ಮಂಜಿಗೆ ಹಳದಿ ಲೈಟ್ ಹಾಕಿಸಿದರೆ ಬಿಳಿಗಿಂತ ದೂರ ಕಾಣುತ್ತದೆಯೇ?
— ಟ್ಯಾಕ್ಸಿ ಚಾಲಕರು, ಶಿವಮೊಗ್ಗ

ಉತ್ತರ: ಬಣ್ಣದಿಂದ ದೂರ ಕಾಣುವುದಿಲ್ಲ. ಆಗುಂಬೆಯಲ್ಲಿ ಸಂಜೆಸೂರ್ಯ ಕೆಂಪಗಾಗುವುದನ್ನು ನೋಡಿ, ಮಂಜಿನಲ್ಲೂ ಕೆಂಪು, ಹಳದಿ ಮುಂದೆ ಹೋಗುತ್ತವೆ ಎಂದು ಊಹಿಸಿದ್ದರಿಂದ ಹುಟ್ಟಿದ ನಂಬಿಕೆ ಇದು. ಗಾಳಿಯ ಅಣು ಬೆಳಕಿನ ಅಲೆಗಿಂತ ಸಾವಿರಪಟ್ಟು ಸಣ್ಣದು. ಅಂಥ ಕಣ ಗಿಡ್ಡ ಅಲೆಯನ್ನೇ ಹೆಚ್ಚು ಚದುರಿಸುತ್ತದೆ, ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ. ಮಂಜಿನ ಹನಿ ಹತ್ತಿಪ್ಪತ್ತು ಮೈಕ್ರಾನ್, ಬೆಳಕಿನ ಅಲೆ ಅರ್ಧ ಮೈಕ್ರಾನ್. ಹನಿಯೇ ಅಲೆಗಿಂತ ದೊಡ್ಡದಾದಾಗ ಎಲ್ಲ ಬಣ್ಣವೂ ಒಂದೇ ಸಮ ಚದುರುತ್ತದೆ, ಮಂಜು ಬೆಳ್ಳಗಿರುವುದೇ ಅದಕ್ಕೆ ಸಾಕ್ಷಿ. ಹಳದಿ ಬೆಳಕು ಕೆಲವರ ಕಣ್ಣಿಗೆ ಹಿತ ಅನ್ನಿಸಬಹುದು, ಅಷ್ಟೇ.

ಫಲ ಕೊಡುವುದು ಲೈಟಿನ ಜಾಗ. ಹೈಬೀಮ್ ನಿಮ್ಮ ಕಣ್ಣಿನ ಮಟ್ಟದ ಮಂಜನ್ನೇ ಬೆಳಗಿ ಎದುರಿಗೆ ಬಿಳಿಗೋಡೆ ಎಬ್ಬಿಸುತ್ತದೆ. ಫಾಗ್ ಲ್ಯಾಂಪ್ ಬಂಪರ್‌ನ ಕೆಳಗೆ, ಬೆಳಕು ಅಗಲಕ್ಕೆ ಹರಡಿ ಮೇಲಂಚು ಕತ್ತರಿಸಿದಂತೆ ಇರುವ ಹಾಗೆ, ತುಸು ನೆಲಕ್ಕೆ ವಾಲಿಸಿ ಕೂರಿಸಬೇಕು. ಆಗ ಬೆಳಗಿದ ಮಂಜು ನಿಮ್ಮ ನೋಟದ ಗೆರೆಗಿಂತ ಕೆಳಗೇ ಉಳಿಯುತ್ತದೆ. ಗಾಜಿನ ಒಳಮೈ ಹಬೆ ಕಟ್ಟಿರುವುದನ್ನೂ ಮಂಜೆಂದೇ ತಿಳಿಯುವುದುಂಟು. ಎಸಿ ಹಾಕಿ ಗಾಜಿಗೆ ಗಾಳಿ ಬಿಡಿ.

ಪ್ರಶ್ನೆ: ನಮ್ಮದು ಕಣಿವೆಯ ಮನೆ. ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಸಿಗುತ್ತದೆ, ಎಫ್‌ಎಂ ಸಿಗದು. ಮೊಬೈಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ದೊಡ್ಡ ಮಳೆ ಬಂದರೆ ಡಿಶ್ ಟಿವಿ ಹೋಗುತ್ತದೆ. ಎಲ್ಲವೂ ರೇಡಿಯೊ ಅಲೆಗಳೇ ಆದರೆ ಈ ಭೇದವೇಕೆ?
— ಕೃಷಿಕರು, ಶೃಂಗೇರಿ ರಸ್ತೆ, ಕೊಪ್ಪ

ಉತ್ತರ: ನಾಲ್ಕೂ ಬೆಳಕಿನ ವೇಗದಲ್ಲೇ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋಗುತ್ತವೆ. ಬೇರೆಯಾಗಿರುವುದು ಉದ್ದ. ಭದ್ರಾವತಿಯ 675 ಕಿಲೋಹರ್ಟ್ಸ್ ಅಲೆ 444 ಮೀಟರ್. ನೂರು ಮೆಗಾಹರ್ಟ್ಸ್ ಆಸುಪಾಸಿನ ಎಫ್‌ಎಂ ಮೂರು ಮೀಟರ್. ಮೊಬೈಲಿನ 900 ಮೆಗಾಹರ್ಟ್ಸ್‌ಗೆ 33 ಸೆಂಟಿಮೀಟರ್, 2300ಕ್ಕೆ 13. ಡಿಶ್‌ನ 11–12 ಗಿಗಾಹರ್ಟ್ಸ್‌ಗೆ ಎರಡೂವರೆ ಸೆಂಟಿಮೀಟರ್.

ಇನ್ನೂರು, ಮುನ್ನೂರು ಮೀಟರಿನ ಗುಡ್ಡ 444 ಮೀಟರ್ ಅಲೆಗೆ ದೊಡ್ಡ ಅಡ್ಡಿಯೇ ಅಲ್ಲ. ನೆಲ ಹಿಡಿದು, ಗುಡ್ಡ ಬಳಸಿ ಬರುತ್ತದೆ. ರೇಡಿಯೊದಲ್ಲಿ ಗೊರಗೊರ ಇದ್ದರೆ ಸೆಟ್ಟನ್ನು ಮೇಜಿನ ಮೇಲೆ ಕಾಲು ಸುತ್ತು ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿಯ ಮೈ ನಿಲಯದ ದಿಕ್ಕಿಗೆ ಅಡ್ಡಲಾಗಿರಬೇಕು, ತುದಿ ಆ ಕಡೆ ತಿರುಗಿದರೆ ಸದ್ದು ಸಾಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್ ಆರಿಸಿದರೆ ಗೊರಗೊರ ಹೋಗುವುದೂ ಉಂಟು. ಮೂರು ಮೀಟರಿನ ಎಫ್‌ಎಂ ಅಲೆಗೆ ಅದೇ ಗುಡ್ಡ ಗೋಡೆ.

ಮೊಬೈಲಿನದು ಬೇರೆ ಕಥೆ. ಗುಡ್ಡ, ಗೋಡೆ, ತಗಡಿಗೆ ತಾಗಿ ಬಂದ ಅಲೆಗಳು ನಿಮ್ಮ ಜಗಲಿಯಲ್ಲಿ ಒಂದಕ್ಕೊಂದು ಕೂಡುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಕೂಡುವ ಜಾಗದಿಂದ ಮುಂದಿನ ಕೂಡುವ ಜಾಗಕ್ಕೆ ಸಾಮಾನ್ಯವಾಗಿ ಅರ್ಧ ತರಂಗದೂರ: 900 ಮೆಗಾಹರ್ಟ್ಸ್‌ಗೆ ಸುಮಾರು 17 ಸೆಂಟಿಮೀಟರ್, 2300ಕ್ಕೆ ಆರೂವರೆ. ಹಾಗಾಗಿ ಮಾತು ಕಡಿದಾಗ ಅಂಗಳಕ್ಕೆ ಓಡುವ ಮೊದಲು ಫೋನನ್ನು ಅರ್ಧ ಗೇಣು ಆಚೀಚೆ ಸರಿಸಿ ನೋಡಿ. ಶೀಟಿನಡಿ, ಕಬ್ಬಿಣದ ಗ್ರಿಲ್ಲಿನ ಹಿಂದೆ ಸಿಗ್ನಲ್ ಕುಗ್ಗುತ್ತದೆ. ಮಳೆಗಾಲದಲ್ಲಿ ನೆನೆದ ಎಲೆಗಳೂ ಹೀರುತ್ತವೆ. ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಬೇಡಿ. ಪರವಾನಗಿಯಿಲ್ಲದೆ ಹಾಕುವುದು ಕಾನೂನುಬಾಹಿರ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ.

ಡಿಶ್‌ನ ಎರಡೂವರೆ ಸೆಂಟಿಮೀಟರ್ ಅಲೆಗೆ ಐದು ಮಿಲಿಮೀಟರಿನ ಹನಿ ಲೆಕ್ಕಕ್ಕೆ ಬರುವಷ್ಟು ದೊಡ್ಡದು, ಹೀರುತ್ತದೆ, ಚದುರಿಸುತ್ತದೆ. ಸುರಿಮಳೆಗೆ ಟಿವಿ ಹೋಗುವುದನ್ನು ಪೂರ್ತಿ ತಪ್ಪಿಸಲಾಗದು. ಸೋನೆಗೂ ಹೋಗುತ್ತಿದ್ದರೆ ತಪ್ಪು ನಿಮ್ಮ ಮಾಡಿನ ಮೇಲಿದೆ. ಒಳ್ಳೆಯ ಬಿಸಿಲಿನ ದಿನವೇ ಸಿಗ್ನಲ್ ಮೀಟರ್ ನೋಡುತ್ತಾ ಡಿಶ್ ತಿರುಗಿಸಿ ಗರಿಷ್ಠಕ್ಕೆ ತನ್ನಿ. ‘ಚಿತ್ರ ಬಂತು, ಸಾಕು’ ಎಂದು ಬಿಟ್ಟ ಡಿಶ್‌ಗೆ ಮಳೆ ತಡೆಯುವ ಮಿಗತೆ ಇರುವುದಿಲ್ಲ. ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಭಾಗಕ್ಕೆ ಅದು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರ. ಡಿಶ್‌ನ ಮುಖ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣದು, ಓರೆ ನಮೂನೆಯ ತಟ್ಟೆಯಾದ್ದರಿಂದ ನಲವತ್ತರ ಹತ್ತಿರ ಇದ್ದಂತೆ ತೋರುತ್ತದೆ. ಕಂಬ ಮಟ್ಟಗೋಲಿಗೆ ನೆಟ್ಟಗಿರಲಿ. ಆ ದಿಕ್ಕಿನಲ್ಲಿ ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ಮರ ಐದು ಮೀಟರ್ ಒಳಗಿದ್ದರೆ ಮಾತ್ರ ಅಡ್ಡ ಬರುತ್ತದೆ, ತೋಟದ ಮರಗಳನ್ನೆಲ್ಲ ಕಡಿಯಬೇಕಿಲ್ಲ. 60 ಸೆಂಟಿಮೀಟರ್ ತಟ್ಟೆಯ ಬದಲು 90ರದ್ದು ಹಾಕಿಸಿದರೆ ಹಿಡಿಯುವ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಕೊನೆಗೆ ಕೇಬಲ್ ಬಿಚ್ಚಿ ನೋಡಿ. ಎಲ್‌ಎನ್‌ಬಿಗೆ (ಡಿಶ್‌ನ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಸೇರುವ ಕನೆಕ್ಟರಿನ ಒಳಗಿನ ತಾಮ್ರ ಹಸಿರುಗಟ್ಟಿ, ಹೆಣೆದ ತಂತಿ ಕಪ್ಪಾಗಿದ್ದರೆ ನೀರು ಹೊಕ್ಕಿದೆ. ಒಂದು ಅಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ. ಕೇಬಲ್ ಎಲ್‌ಎನ್‌ಬಿಯಿಂದ ಹೊರಟ ಕೂಡಲೇ ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿಬಿಡುತ್ತದೆ.